ಒಂದೇ ಉಗಿ, ಐದು ಸಲ ದುಡಿತ: ಡಿಸ್ಟಿಲರಿ ಕೊಳೆನೀರಿನ ಲೆಕ್ಕ

ವಿಜಯಪುರ ಜಿಲ್ಲೆಯವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣೆಯ ನೀರನ್ನು ಪಂಪ್ ಹಚ್ಚಿ ಮೇಲೆತ್ತಿ ಒಣಬೇಸಾಯದ ಹೊಲಗಳಿಗೆ ಹರಿಸಬೇಕೆಂದೇ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ ಬಂತು. ಅದೇ ಜಿಲ್ಲೆಯಲ್ಲಿ ನೀರನ್ನು ಕುದಿಸಿ, ಉಗಿ ಮಾಡಿ ಹೊರಗೆ ಹಾಕಲಿಕ್ಕೆ ಹಗಲು-ರಾತ್ರಿ ಬಾಯ್ಲರ್ ಉರಿಸುವ ಜಾಗಗಳೂ ಅದಾವ. ಅವು ಕಾಕಂಬಿಯಿಂದ ಎಥೆನಾಲ್ ತೆಗೆಯುವ ಡಿಸ್ಟಿಲರಿಗಳು. ಅಲ್ಲಿ ಎಥೆನಾಲ್ ಹೋದ ಮೇಲೆ ಉಳಿಯುವ ಕೊಳೆನೀರಿಗೆ ಸ್ಪೆಂಟ್ ವಾಶ್ ಅಂತಾರ. ಈ ಲೇಖನ ಅದನ್ನು ಕುದಿಸುವ ಖರ್ಚಿನ ಬಗ್ಗೆ. ಥರ್ಮೋಡೈನಾಮಿಕ್ಸ್ ಪೇಪರ್ ಮುಗಿಸಿದ ಯಾರಾದರೂ ಕ್ಯಾಲ್ಕುಲೇಟರ್ ಹಿಡಿದು ನಮ್ಮ ಜೊತೆ ಬರಬಹುದು. ಸ್ಟೀಮ್ ಟೇಬಲ್ ಪಕ್ಕದಲ್ಲಿ ಇಟ್ಟುಕೊಂಡರೆ ಇನ್ನೂ ಛಲೋ.

ಮೊದಲು ಒಂದು ಅಂದಾಜು ನಮಗೆಲ್ಲ ಇರಲಿ. ಒಂದು ಟನ್ ನೀರನ್ನು 100 ಮೀಟರ್ ಎತ್ತಲು ಬೇಕಾಗುವ ಕೆಲಸ 981 ಕಿಲೋಜೂಲ್, ಅಂದರೆ 0.27 ಯೂನಿಟ್ ವಿದ್ಯುತ್. ಪಂಪಿನ ನಷ್ಟ ಸೇರಿಸಿದರೂ ಅರ್ಧ ಯೂನಿಟ್ ದಾಟುವುದಿಲ್ಲ. ಅದೇ ಒಂದು ಟನ್ ನೀರನ್ನು 100 ಡಿಗ್ರಿಯಲ್ಲಿ ಉಗಿ ಮಾಡಬೇಕಾದರೆ ಗುಪ್ತೋಷ್ಣವೇ ಕಿಲೋಗೆ 2257 ಕಿಲೋಜೂಲ್, ಟನ್ನಿಗೆ 627 ಯೂನಿಟ್. ಈ ಶಕ್ತಿಯನ್ನು ಪೂರ್ತಿಯಾಗಿ ನೀರೆತ್ತಲು ಬಳಸಿದ್ದರೆ ಆ ನೀರು 230 ಕಿಲೋಮೀಟರ್ ಮೇಲೆ ಹೋಗುತ್ತಿತ್ತು. ನದಿಯಿಂದ ಹೊಲಕ್ಕೆ ನೀರು ತರೋ ಖರ್ಚು ಎಲ್ಲಿ, ಅದನ್ನು ಕುದಿಸಿ ತೆಗೆಯೋ ಖರ್ಚು ಎಲ್ಲಿ!

ಹಾಗಾದರೆ ಯಾಕೆ ಕುದಿಸಬೇಕು, ಹರಿಯಬಿಟ್ಟರೆ ಆಗೂದಿಲ್ಲೇನು?

ಆಗುವುದಿಲ್ಲ. ಒಂದು ಲೀಟರ್ ಎಥೆನಾಲ್‌ಗೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಬರುತ್ತದೆ. ಬಣ್ಣ ಕಡುಗಂದು, ವಾಸನೆ ಸುಟ್ಟ ಬೆಲ್ಲದ್ದು ಮತ್ತು ಹುಳಿಯದ್ದು. ಅದರ ಬಿಒಡಿ ಲೀಟರಿಗೆ 40,000 ಮಿಲಿಗ್ರಾಂ ಮೇಲೆ. ಊರ ಚರಂಡಿ ನೀರಿನ ಬಿಒಡಿ ಸಾಮಾನ್ಯವಾಗಿ 200-300ರ ಸುತ್ತ ಇರುತ್ತದೆ. ಅಂದರೆ ಒಂದು ಟ್ಯಾಂಕರ್ ಸ್ಪೆಂಟ್ ವಾಶ್ ನೂರೈವತ್ತು ಟ್ಯಾಂಕರ್ ಚರಂಡಿ ನೀರಿಗೆ ಸಮ. ನಮ್ಮ ಡೋಣಿ ನದಿಯನ್ನೇ ನೋಡ್ರಿ. ಜತ್ತ ಕಡೆಯಿಂದ ಹುಟ್ಟಿ ಬಂದು, ಸಾರವಾಡದ ಹತ್ತಿರ ಹಾದು, ತಾಳಿಕೋಟೆ ಕಡೆ ಹೋಗುತ್ತದೆ. ಮಳೆಗಾಲ ಬಿಟ್ಟರೆ ಹರಿವು ಕಡಿಮೆ, ನೀರು ಮೊದಲೇ ಸವಳು. ಇಂಥ ಹಳ್ಳ-ಹೊಳೆಗೆ ಸ್ಪೆಂಟ್ ವಾಶ್ ತಡೆದುಕೊಳ್ಳುವ ಶಕ್ತಿ ಇಲ್ಲ. ನೀರಿನಲ್ಲಿರುವ ಆಮ್ಲಜನಕ ಗಂಟೆಗಳಲ್ಲಿ ಖಾಲಿ, ಪೊಟ್ಯಾಷ್ ಮತ್ತು ಉಪ್ಪು ಅಕ್ಕಪಕ್ಕದ ಬಾವಿಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2003ರಲ್ಲಿ ಉದ್ಯಮಗಳಿಗೆ ಹೊರಡಿಸಿದ ಹೊಣೆಗಾರಿಕೆಯ ಸನ್ನದಿನಲ್ಲೇ ಕಾಕಂಬಿ ಡಿಸ್ಟಿಲರಿಗಳು ಸ್ಪೆಂಟ್ ವಾಶನ್ನು ಹೊಳೆಗೆ ಒಂದು ಹನಿಯೂ ಬಿಡಬಾರದು ಅನ್ನುವ ಗುರಿ ಇತ್ತು. ಇದನ್ನೇ ಈಗ ಎಲ್ಲರೂ ಜೆಡ್‌ಎಲ್‌ಡಿ, ಅಂದರೆ ಶೂನ್ಯ ದ್ರವ ವಿಸರ್ಜನೆ ಅಂತಾರ.

ಶೂನ್ಯ ಅನ್ನೋದು ಕಾಗದದ ಮೇಲೆ ಸುಲಭ. ಅದರ ಬಿಲ್ಲು ಬಾಯ್ಲರ್ ಮನೆಯಲ್ಲಿ ಬರುತ್ತದೆ. ಕುದಿಸುವ ಖರ್ಚು ವಿಪರೀತ ಆದಾಗಲೇ ಕತ್ತಲಲ್ಲಿ ವಾಲ್ವ್ ತೆಗೆಯುವ ಆಸೆ ಹುಟ್ಟೋದು. ಅದಕ್ಕೇ ನಾವು ಎನರ್ಜಿ ಎಫಿಶಿಯನ್ಸಿಯನ್ನು ಬರೀ ಹಣ ಉಳಿಸುವ ವಿಷಯ ಅಂತ ಓದೋದಿಲ್ಲ. ಹೊಳೆ ಉಳಿಯೋದು ಬಿಡೋದು ಬಹಳಷ್ಟು ಮಟ್ಟಿಗೆ ಈ ಲೆಕ್ಕದ ಮೇಲೆ ನಿಂತಿದೆ.

ತಿಕೋಟಾದ ಗಾಳಿ ಸಾಕಾಗೂದಿಲ್ಲೇನು?

ತಿಕೋಟಾ ಕಡೆಯ ಗೆಳೆಯರು ಇಲ್ಲಿ ಕೈ ಎತ್ತುತ್ತಾರೆ ಅಂತ ನಮಗೆ ಗೊತ್ತು. ಅಲ್ಲಿ ನೀರು ತೆಗೆಯುವ ಕೆಲಸ ವರ್ಷಾ ನಡೆಯುತ್ತದೆ, ಕಟ್ಟಿಗೆ ಇಲ್ಲ, ಕಲ್ಲಿದ್ದಲು ಇಲ್ಲ. ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದುತ್ತಾರೆ. ಅದರಿಂದ ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರಿಗೆ ದಾರಿ ಸಿಗುತ್ತದೆ. ಆಮೇಲೆ ಶೆಡ್ಡಿನ ನೆರಳಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಎರಡು ವಾರ ಆಗುವಷ್ಟರಲ್ಲಿ ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಒಣದ್ರಾಕ್ಷಿ ಆಗುತ್ತದೆ. ಲೆಕ್ಕ ಹಾಕ್ರಿ: ಒಂದು ಟನ್ ದ್ರಾಕ್ಷಿಯಿಂದ 750 ಕಿಲೋ ನೀರು ಹೋಯಿತು. ಗುಪ್ತೋಷ್ಣ ಆ ತಾಪದಲ್ಲಿ ಕಿಲೋಗೆ ಸುಮಾರು 2400 ಕಿಲೋಜೂಲ್. ಒಟ್ಟು 1.8 ಗಿಗಾಜೂಲ್, 500 ಯೂನಿಟ್. ಈ ಬಿಲ್ಲು ಕಟ್ಟಿದ್ದು ಫೆಬ್ರುವರಿ-ಮಾರ್ಚ್ ತಿಂಗಳ ಒಣ ಗಾಳಿ.

ಸ್ಪೆಂಟ್ ವಾಶನ್ನೂ ಹಿಂಗ ಗಾಳಿಗೆ ಒಡ್ಡಬಾರದೇಕೆ? ಹಿಂದೆ ಎಷ್ಟೋ ಕಡೆ ದೊಡ್ಡ ಹೊಂಡ ತೋಡಿ ಅದನ್ನೇ ಮಾಡಿದ್ದರು. ನಾವು ಲೆಕ್ಕಕ್ಕೆ ಒಂದು ಡಿಸ್ಟಿಲರಿ ಇಟ್ಟುಕೊಳ್ಳೋಣ. ಇದು ಯಾವ ನಿಜವಾದ ಕಾರ್ಖಾನೆಯ ಲೆಕ್ಕವೂ ಅಲ್ಲ, ಸಂಖ್ಯೆ ಸಲೀಸಾಗಿ ಬರಲಿ ಅಂತ ನಾವೇ ಆರಿಸಿದ್ದು. ದಿನಕ್ಕೆ 60 ಸಾವಿರ ಲೀಟರ್ ಎಥೆನಾಲ್, ಲೀಟರಿಗೆ 10 ಲೀಟರ್ ಸ್ಪೆಂಟ್ ವಾಶ್. ದಿನಕ್ಕೆ 600 ಟನ್, ಗಂಟೆಗೆ 25 ಟನ್ ಆಯಿತು. ಅದರಲ್ಲಿ ಘನ ಪದಾರ್ಥ ಶೇ 12. ಇದನ್ನು ಶೇ 60ಕ್ಕೆ ತರಬೇಕು. ಘನ ಪದಾರ್ಥ ಗಂಟೆಗೆ 3 ಟನ್, ಅದು ಶೇ 60 ಆಗಬೇಕಾದರೆ ಒಟ್ಟು ದ್ರವ 5 ಟನ್. ಹೋಗಬೇಕಾದ ನೀರು ಗಂಟೆಗೆ 20 ಟನ್, ದಿನಕ್ಕೆ 480 ಟನ್. ಈ ಡಿಸ್ಟಿಲರಿ ಕೊನೆವರೆಗೂ ನಮ್ಮ ಜೊತೆ ಇರುತ್ತದೆ.

ಹೊಂಡದ ಮೇಲಿಂದ ಮಳೆಯನ್ನು ಕಳೆದು ವರ್ಷದ ಸರಾಸರಿಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆರುತ್ತದೆ ಅಂದುಕೊಂಡರೂ, ಆಗ ಬೇಕಾಗುವ ಹೊಂಡದ ವಿಸ್ತಾರ 96,000 ಚದರ ಮೀಟರ್, ಹತ್ತಿರಹತ್ತಿರ 24 ಎಕರೆ. ದ್ರವ ಗಟ್ಟಿಯಾದಂತೆ ಆರುವ ವೇಗ ಇಳಿಯುತ್ತದೆ, ಮೇಲೆ ಕೆನೆ ಕಟ್ಟುತ್ತದೆ, ಹಾಗಾಗಿ ನಿಜವಾದ ವಿಸ್ತಾರ ಇನ್ನೂ ಜಾಸ್ತಿ. 24 ಎಕರೆ ಕೊಳೆನೀರಿನ ಕೆರೆಯ ಪಕ್ಕ ಯಾರು ಊರು ಮಾಡಿಕೊಂಡು ಇರ್ತಾರ? ತಳ ಸೋರಿದರಂತೂ ಸುತ್ತಲಿನ ಬಾವಿಗಳ ಕಥೆ ಮುಗೀತು. ದ್ರಾಕ್ಷಿಗೆ ಒಪ್ಪಿದ್ದು ಇದಕ್ಕೆ ಒಪ್ಪುವುದಿಲ್ಲ.

ಬಾಯ್ಲರ್ ಮನೆಯ ಬಿಲ್ಲು

ಹಾಗಾದರೆ ಉಗಿಯಿಂದಲೇ ಕುದಿಸೋಣ. ಬೆಲ್ಲದ ಗಾಣದ ಕಡಾಯಿ ಇರುವಂಥ ಒಂದೇ ಪಾತ್ರೆ, ಕೆಳಗೆ ಉಗಿ, ಮೇಲಿಂದ ಬಂದ ಆವಿ ಆಕಾಶಕ್ಕೆ. ಗಂಟೆಗೆ 20 ಟನ್ ನೀರು, ಕಿಲೋಗೆ 2257 ಕಿಲೋಜೂಲ್. ಸೆಕೆಂಡಿಗೆ ಇಳಿಸಿದರೆ 12.5 ಮೆಗಾವಾಟ್ ಉಷ್ಣ.

ಈಗ ಇನ್ನೊಂದು ಸಂಖ್ಯೆ. ಇದೇ ಡಿಸ್ಟಿಲರಿ ಗಂಟೆಗೆ 2500 ಲೀಟರ್ ಎಥೆನಾಲ್ ಮಾಡುತ್ತದೆ. ಎಥೆನಾಲ್ ಉರಿದರೆ ಲೀಟರಿಗೆ ಸುಮಾರು 21 ಮೆಗಾಜೂಲ್. ಅದು 14.6 ಮೆಗಾವಾಟ್ ಆಯಿತು. ಕುದಿಸಲು ಬೇಕಾದ 12.5ಕ್ಕೆ ಬಾಯ್ಲರ್ ನಷ್ಟ ಸೇರಿಸಿ ನೋಡಿದರೆ ಎರಡೂ ಹೆಚ್ಚೂಕಮ್ಮಿ ಸಮ ಆಗುತ್ತವೆ! ಪೆಟ್ರೋಲಿಗೆ ಬೆರೆಸಲು ಮಾಡಿದ ಎಥೆನಾಲಿನಲ್ಲಿ ಎಷ್ಟು ಶಕ್ತಿ ಇದೆಯೋ ಅಷ್ಟನ್ನೂ ಅದರ ಕೊಳೆನೀರು ಒಣಗಿಸಲಿಕ್ಕೇ ಸುಟ್ಟಂಗಾಯ್ತು. ಹಸಿರು ಇಂಧನ ಅಂತ ಬೋರ್ಡು ಹಾಕಿ ಒಳಗೆ ಹಿಂಗ ನಡೆದರೆ ಏನು ಬಂತು?

ಬಿಡುಗಡೆಯ ದಾರಿ ನಮ್ಮ ಕಡೆಯ ಪ್ರತಿ ಸಕ್ಕರೆ ಕಾರ್ಖಾನೆಯ ಕಾಂಪೌಂಡಿನಲ್ಲೇ ನಿಂತಿದೆ. ಬಬಲೇಶ್ವರ ತಾಲೂಕಿನ ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಇರಲಿ, ಇಂಡಿ ತಾಲೂಕಿನ ಯಾವುದೇ ಕಾರ್ಖಾನೆ ಇರಲಿ, ಕಬ್ಬಿನ ರಸವನ್ನು ಗಟ್ಟಿ ಮಾಡೋದು ಒಂದೇ ಪಾತ್ರೆಯಲ್ಲಲ್ಲ. ಸಾಲಾಗಿ ನಾಲ್ಕೈದು ಪಾತ್ರೆ. ಮೊದಲ ಪಾತ್ರೆಗೆ ಬಾಯ್ಲರ್ ಅಥವಾ ಟರ್ಬೈನಿನಿಂದ ಉಗಿ. ಆ ಪಾತ್ರೆಯ ರಸದಿಂದ ಎದ್ದ ಆವಿಯೇ ಎರಡನೆಯ ಪಾತ್ರೆಗೆ ಉಗಿ. ಅಲ್ಲಿಂದ ಎದ್ದದ್ದು ಮೂರನೆಯದಕ್ಕೆ. ಒಂದು ಕಿಲೋ ಉಗಿ ನೀರಾಗುವಾಗ ಕೊಟ್ಟ ಗುಪ್ತೋಷ್ಣ ಇನ್ನೊಂದು ಕಿಲೋ ನೀರನ್ನು ಆವಿ ಮಾಡುತ್ತದೆ. ಆ ಆವಿ ಮತ್ತೆ ನೀರಾಗುವಾಗ ಅದೇ ಉಷ್ಣವನ್ನು ಮುಂದಿನವನ ಕೈಗೆ ಕೊಡುತ್ತದೆ. ಆವಿಯಾಗುವಾಗ ತಗೊಂಡದ್ದನ್ನು ನೀರು ನೀರಾಗುವಾಗ ಪೂರ್ತಿ ವಾಪಸ್ ಕೊಡುತ್ತದೆ. ಕಡಾಯಿಯವನು ಅದನ್ನು ಇಸ್ಕೊಳ್ಳೋದಿಲ್ಲ, ಅಷ್ಟೇ.

ಇದಕ್ಕೆ ಮಲ್ಟಿಪಲ್ ಎಫೆಕ್ಟ್ ಇವಾಪೊರೇಟರ್ ಅಂತ ಹೆಸರು. ಇದನ್ನು ಕೆಲಸಕ್ಕೆ ಬರುವ ಯಂತ್ರವಾಗಿ ಮಾಡಿದವನು ನಾರ್ಬರ್ಟ್ ರಿಲಿಯೂ. 1806ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ, ಆಫ್ರಿಕಾ ಮೂಲದ ತಾಯಿಯ ಮಗ, ಪ್ಯಾರಿಸ್ಸಿನಲ್ಲಿ ಇಂಜಿನಿಯರಿಂಗ್ ಓದಿದವನು. ಆಗಿನ ಕಬ್ಬಿನ ತೋಟಗಳಲ್ಲಿ ಗುಲಾಮರು ಸಾಲು ಕಡಾಯಿಗಳ ನಡುವೆ ನಿಂತು ಕುದಿಯುವ ರಸವನ್ನು ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ಸುಟ್ಟುಕೊಳ್ಳೋದು ದಿನದ ಮಾತು. ರಿಲಿಯೂ 1843ರಲ್ಲಿ ಮತ್ತು 1846ರಲ್ಲಿ ಪೇಟೆಂಟ್ ಪಡೆದ. ಕಟ್ಟಿಗೆ ಉಳಿಯಿತು, ಸಕ್ಕರೆ ಸುಡೋದು ನಿಂತಿತು, ಆ ಸೌಟಿನ ಕೆಲಸವೂ ಬೇಡವಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಕಾರ್ನೋ, ರಾಂಕಿನ್ ಹೆಸರು ಇರುವಷ್ಟು ಇವನ ಹೆಸರು ಯಾಕಿಲ್ಲ ಅನ್ನೋದು ನಮ್ಮ ತಕರಾರು.

ನಮ್ಮ ಡಿಸ್ಟಿಲರಿಗೆ ಇದನ್ನು ಹಚ್ಚೋಣ. ಒಂದು ಪಾತ್ರೆ ಇದ್ದಾಗ ಒಂದು ಟನ್ ನೀರು ತೆಗೆಯಲು ನಷ್ಟ ಸೇರಿ ಸುಮಾರು 1.1 ಟನ್ ಉಗಿ ಬೇಕು. ಅಂದರೆ ಗಂಟೆಗೆ 22 ಟನ್. ಎರಡು ಪಾತ್ರೆ ಆದರೆ ಹನ್ನೊಂದೂವರೆ ಟನ್, ಮೂರಾದರೆ 8, ನಾಲ್ಕಾದರೆ 6, ಐದಾದರೆ 5. ಒಂದು ಕಿಲೋ ಕಬ್ಬಿನ ಸಿಪ್ಪೆ ಸುಮಾರು ಎರಡು ಕಿಲೋ ಉಗಿ ಕೊಡುತ್ತದೆ. ಹಾಗಾಗಿ ಗಂಟೆಗೆ 11 ಟನ್ ಸಿಪ್ಪೆ ತಿನ್ನುತ್ತಿದ್ದ ಕೆಲಸ ಎರಡೂವರೆ ಟನ್ನಿಗೆ ಇಳಿಯಿತು.

ಐದಕ್ಕೇ ಯಾಕೆ ನಿಲ್ಲಬೇಕು, ಹತ್ತು ಮಾಡಬಾರದೇಕೆ?

ಈ ಪ್ರಶ್ನೆ ವೈವಾದಲ್ಲಿ ಖಂಡಿತಾ ಬರುತ್ತದೆ. ಉತ್ತರ ಉಷ್ಣದ ಪ್ರಮಾಣದಲ್ಲಿ ಇಲ್ಲ, ತಾಪಮಾನದಲ್ಲಿದೆ. ಉಷ್ಣ ಹರಿಯಬೇಕಾದರೆ ಮೇಲೆ-ಕೆಳಗೆ ತಾಪದ ಅಂತರ ಬೇಕು. ಮೊದಲ ಪಾತ್ರೆಯ ಉಗಿ 105 ಡಿಗ್ರಿ ಅಂದುಕೊಳ್ಳೋಣ. ಕೊನೆಯ ಪಾತ್ರೆಯ ಆವಿ ಕೂಲಿಂಗ್ ಟವರ್ ನೀರಿನಿಂದ ತಣ್ಣಗಾಗಬೇಕಾದ್ದರಿಂದ 53-55 ಡಿಗ್ರಿಗಿಂತ ಕೆಳಗೆ ಹೋಗೋದು ಕಷ್ಟ. ನಮ್ಮ ಕೈಯಲ್ಲಿರೋ ಬಂಡವಾಳ ಸುಮಾರು 50 ಡಿಗ್ರಿ. ಅದರಲ್ಲಿ ಪ್ರತಿ ಪಾತ್ರೆಯೂ ತನ್ನ ಪಾಲಿನ ತೆರಿಗೆ ಮುರಿದುಕೊಳ್ಳುತ್ತದೆ. ಉಪ್ಪು, ಸಕ್ಕರೆ ಕರಗಿದ ನೀರು ಶುದ್ಧ ನೀರಿಗಿಂತ ಹೆಚ್ಚಿನ ತಾಪದಲ್ಲಿ ಕುದಿಯುತ್ತದೆ, ಆದರೆ ಅದರಿಂದ ಎದ್ದ ಆವಿ ಮುಂದಿನ ಪಾತ್ರೆಯಲ್ಲಿ ನೀರಾಗೋದು ಶುದ್ಧ ನೀರಿನ ತಾಪದಲ್ಲಿ. ನಡುವಿನ ಅಂತರ ದಂಡ. ಇದು ಕುದಿಬಿಂದುವಿನ ಏರಿಕೆ. ತೆಳು ದ್ರವದಲ್ಲಿ ಇದು ಒಂದು ಡಿಗ್ರಿಯ ಸುತ್ತ, ಗಟ್ಟಿ ದ್ರವದಲ್ಲಿ ನಾಲ್ಕೈದು ಡಿಗ್ರಿಗೂ ಹೋಗಬಹುದು. ಎಲ್ಲ ಸೇರಿ 10-12 ಡಿಗ್ರಿ ಹೋಯಿತು ಅಂದರೆ ಉಳಿದದ್ದು 40. ಐದು ಪಾತ್ರೆಗೆ ಹಂಚಿದರೆ ತಲಾ 8.

ಹತ್ತು ಪಾತ್ರೆ ಮಾಡಿದರೆ ತೆರಿಗೆ ಇನ್ನೂ ಏರಿ, ತಲಾ ಮೂರು ಡಿಗ್ರಿಯೂ ಸಿಗೋದು ಅನುಮಾನ. ಹೀಟ್ ಟ್ರಾನ್ಸ್‌ಫರ್ ಸೂತ್ರ ನೆನಪಿಸಿಕೊಳ್ರಿ: ಹರಿಯುವ ಉಷ್ಣ ಅಂದರೆ ಯು, ವಿಸ್ತೀರ್ಣ, ತಾಪದ ಅಂತರ ಈ ಮೂರರ ಗುಣಲಬ್ಧ. ಅಂತರ ಇಳಿದಷ್ಟೂ ವಿಸ್ತೀರ್ಣ ಏರಬೇಕು, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬುಗಳು. ಐದನೆಯ ಪಾತ್ರೆ ಉಳಿಸಿದ್ದು ಗಂಟೆಗೆ ಒಂದು ಟನ್ ಉಗಿ, ಆರನೆಯದು ಉಳಿಸೋದು ಅದಕ್ಕೂ ಕಡಿಮೆ. ಎಲ್ಲೋ ಒಂದು ಕಡೆ ಉಳಿದ ಸಿಪ್ಪೆಗಿಂತ ಸ್ಟೀಲಿನ ಬಡ್ಡಿ ಜಾಸ್ತಿ ಆಗುತ್ತದೆ, ಅಲ್ಲಿ ನಿಲ್ಲಿಸುತ್ತಾರೆ.

55 ಡಿಗ್ರಿಯಲ್ಲಿ ನೀರು ಕುದಿಯಲು ಪಾತ್ರೆಯೊಳಗಿನ ಒತ್ತಡ 15.8 ಕಿಲೋಪಾಸ್ಕಲ್ ಇರಬೇಕು. ಇಲ್ಲಿ ನಮ್ಮ ಊರಿನದೇ ಒಂದು ಸಣ್ಣ ವಿಷಯ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ವಾತಾವರಣದ ಒತ್ತಡ ಇಲ್ಲಿ ಹತ್ತಿರಹತ್ತಿರ 94.5 ಕಿಲೋಪಾಸ್ಕಲ್. ಮಂಗಳೂರಿನಲ್ಲಿ ಇದೇ ಪಾತ್ರೆಯ ವ್ಯಾಕ್ಯೂಮ್ ಗೇಜ್ ಪಾದರಸದ 640 ಮಿಲಿಮೀಟರ್ ತೋರಿಸಿದರೆ ಇಲ್ಲಿ 590 ತೋರಿಸುತ್ತದೆ. ಇಲ್ಲಿಯ ಗೇಜಿನಲ್ಲಿ ಮುಳ್ಳು ಕಡಿಮೆ ಕಂಡಿತು ಅಂತ ವ್ಯಾಕ್ಯೂಮ್ ಪಂಪ್ ಬಿಚ್ಚಬೇಕಾಗಿಲ್ಲ. ಗೇಜು ಹೊರಗಿನ ಗಾಳಿಗೆ ಹೋಲಿಸಿ ಮಾತಾಡುತ್ತದೆ, ಸ್ಟೀಮ್ ಟೇಬಲ್ ಸೊನ್ನೆಯಿಂದ ಮಾತಾಡುತ್ತದೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬಹಳ ಜನ ಜಾರೋ ಜಾಗ ಇದು.

ಟ್ಯೂಬಿನ ಒಳಗೆ ಕಟ್ಟುವ ಕಲ್ಲು

ಡಿಸೈನ್ ಕಾಗದದಲ್ಲಿ 5 ಟನ್ ಅಂತ ಬರೆದ ಉಗಿ ಆರು ತಿಂಗಳಾದ ಮೇಲೆ 5 ಟನ್ನಾಗಿಯೇ ಇರೋದಿಲ್ಲ. ಸ್ಪೆಂಟ್ ವಾಶ್‌ನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಇರುತ್ತದೆ. ಇದರ ಸ್ವಭಾವ ಉಳಿದ ಉಪ್ಪುಗಳಿಗೆ ಉಲ್ಟಾ. ಬಿಸಿ ಏರಿದಂತೆ ಇದು ಕರಗೋದು ಕಡಿಮೆ ಆಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಬಿಸಿಯಾದ ಟ್ಯೂಬಿನ ಗೋಡೆಯ ಮೇಲೇ ಹೋಗಿ ಕಲ್ಲಾಗಿ ಕೂಡುತ್ತದೆ.

ಎಷ್ಟು ಹಾನಿ? ಸ್ವಚ್ಛ ಟ್ಯೂಬಿನ ಯು 1500 ವಾಟ್ ಪ್ರತಿ ಚದರ ಮೀಟರ್ ಪ್ರತಿ ಡಿಗ್ರಿ ಅಂತ ಇಟ್ಟುಕೊಳ್ಳೋಣ. ಅದರ ರೋಧ 0.00067. ಉಷ್ಣವಾಹಕತೆ 1 ಇರುವ ಕಲ್ಲು ಅರ್ಧ ಮಿಲಿಮೀಟರ್ ಕಟ್ಟಿತು. ಅದರ ರೋಧ 0.0005. ಎರಡೂ ಕೂಡಿದರೆ 0.00117, ಹೊಸ ಯು 860ರ ಸುತ್ತ. ಅರ್ಧ ಮಿಲಿಮೀಟರ್ ಅಂದರೆ ನಮ್ಮ ಐಡಿ ಕಾರ್ಡಿಗಿಂತ ತೆಳು. ಅದು ನಲವತ್ತು ಪರ್ಸೆಂಟಿಗಿಂತ ಹೆಚ್ಚು ಸಾಮರ್ಥ್ಯ ತಿಂದುಹಾಕಿತು. ಆಗ ಆಪರೇಟರ್ ಏನು ಮಾಡ್ತಾನ? ಉಗಿಯ ಒತ್ತಡ ಏರಿಸಿ ತಾಪದ ಅಂತರ ಹೆಚ್ಚಿಸ್ತಾನ. ಗೋಡೆ ಇನ್ನೂ ಬಿಸಿಯಾಗಿ ಕಲ್ಲು ಇನ್ನೂ ಬೇಗ ಕಟ್ಟುತ್ತದೆ. ಕಾಸ್ಟಿಕ್ ಮತ್ತು ಆಮ್ಲದಿಂದ ತೊಳೆಯುವ ದಿನವನ್ನು ಮುಂದೂಡಿ ಉತ್ಪಾದನೆ ಉಳಿಸಿದೆವು ಅನ್ನೋರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು. ನಮ್ಮ ಅಭಿಪ್ರಾಯದಲ್ಲಿ ಹೊಸ ಯಂತ್ರ ತರೋದಕ್ಕಿಂತ ಮೊದಲು ಮಾಡಬೇಕಾದ ಎಫಿಶಿಯನ್ಸಿ ಕೆಲಸ ಈ ತೊಳೆಯುವುದೇ. ಆದರೆ ತೊಳೆದದ್ದಕ್ಕೆ ರಿಬ್ಬನ್ ಕತ್ತರಿಸೋ ಸಮಾರಂಭ ಇರೋದಿಲ್ಲ, ಅದೇ ತೊಂದರೆ.

ಟ್ಯೂಬಿನ ಗೋಡೆಗುಂಟ ತೆಳುವಾಗಿ ಇಳಿಯುವ ಫಾಲಿಂಗ್ ಫಿಲ್ಮ್ ಪಾತ್ರೆಗಳು ತೆಳು ದ್ರವಕ್ಕೆ ಸರಿ. ಕೊನೆಗೆ ಕಾಕಂಬಿಯಂತೆ ಗಟ್ಟಿಯಾದಾಗ ಪಂಪಿನಿಂದ ಜೋರಾಗಿ ತಿರುಗಿಸುವ ಫೋರ್ಸ್ಡ್ ಸರ್ಕ್ಯುಲೇಶನ್ ಬೇಕು. ಪಂಪಿನ ಕರೆಂಟು ಜಾಸ್ತಿ, ಆದರೆ ಅಲ್ಲಿ ಬೇರೆ ದಾರಿ ಇಲ್ಲ.

ಆವಿಯನ್ನೇ ಒತ್ತಿದರೆ?

ಇನ್ನೊಂದು ಉಪಾಯ ಹೆಸರಿನಲ್ಲಿ ದೊಡ್ಡದು: ಮೆಕ್ಯಾನಿಕಲ್ ವೇಪರ್ ರೀಕಂಪ್ರೆಶನ್, ಎಂವಿಆರ್. ವಿಷಯ ಸರಳ. 80 ಡಿಗ್ರಿಯಲ್ಲಿ ಎದ್ದ ಆವಿಯಲ್ಲಿ ಗುಪ್ತೋಷ್ಣ ಪೂರ್ತಿ ಇದೆ, ಕೊರತೆ ಇರೋದು ನಾಲ್ಕಾರು ಡಿಗ್ರಿ ತಾಪದ್ದು ಮಾತ್ರ. ಫ್ಯಾನಿನಂಥ ಕಂಪ್ರೆಸರಿನಿಂದ ಆ ಆವಿಯನ್ನು ಸ್ವಲ್ಪ ಒತ್ತಿದರೆ ಅದು 88 ಡಿಗ್ರಿಯಲ್ಲಿ ನೀರಾಗುವ ಉಗಿ ಆಗುತ್ತದೆ. ಅದನ್ನು ಅದೇ ಪಾತ್ರೆಯ ಹೊರಭಾಗಕ್ಕೆ ಕೊಡಬಹುದು. ಒಮ್ಮೆ ಶುರುವಾದರೆ ಬಾಯ್ಲರಿನ ಹಂಗು ಬಹಳ ಕಡಿಮೆ.

ಸ್ಟೀಮ್ ಟೇಬಲ್ ತೆಗೀರಿ. 80 ಡಿಗ್ರಿಗೆ ಒತ್ತಡ 47.4 ಕಿಲೋಪಾಸ್ಕಲ್, 88ಕ್ಕೆ 65. ಅನುಪಾತ 1.37. ಆದರ್ಶ ಅನಿಲದ ಐಸೆಂಟ್ರೋಪಿಕ್ ಸೂತ್ರದಲ್ಲಿ ಗ್ಯಾಮಾ 1.33 ಹಾಕಿದರೆ ಕಿಲೋಗೆ 53 ಕಿಲೋಜೂಲ್ ಕೆಲಸ ಬರುತ್ತದೆ. ಕಂಪ್ರೆಸರ್, ಮೋಟರ್ ಎಲ್ಲ ಸೇರಿ ಶೇ 70 ದಕ್ಷತೆ ಅಂದರೆ 76. ಟನ್ನಿಗೆ 21 ಯೂನಿಟ್. 627 ಎಲ್ಲಿ, 21 ಎಲ್ಲಿ! ನಮ್ಮ ಡಿಸ್ಟಿಲರಿಯ 20 ಟನ್ನಿಗೆ 420 ಕಿಲೋವಾಟ್ ಸಾಕಾಗುತ್ತದೆ ಅಂತಾಯಿತು.

ಇಷ್ಟು ನೋಡಿ ಎಲ್ಲ ಕಡೆ ಎಂವಿಆರ್ ಹಾಕಿಬಿಡೋಣ ಅನ್ನೋ ಸೆಮಿನಾರ್ ಸ್ಲೈಡುಗಳು ಬಹಳ. ನಮಗೆ ಅಷ್ಟು ಅವಸರ ಇಲ್ಲ. 21 ಯೂನಿಟ್ ವಿದ್ಯುತ್ತು, 627 ಯೂನಿಟ್ ಉಷ್ಣ. ವಿದ್ಯುತ್ತನ್ನೂ ಉಷ್ಣವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ಎರಡನೆಯ ನಿಯಮ ಹೇಳುತ್ತದೆ. ಸಕ್ಕರೆ ಕಾರ್ಖಾನೆಯ ಜೊತೆಗಿರುವ ಡಿಸ್ಟಿಲರಿಯಲ್ಲಿ ಹೆಚ್ಚಿನ ಒತ್ತಡದ ಉಗಿ ಮೊದಲು ಟರ್ಬೈನ್ ತಿರುಗಿಸಿ ಕರೆಂಟ್ ಕೊಟ್ಟು, ಆಮೇಲೆ ಎರಡೂವರೆ ಬಾರ್ ಒತ್ತಡದಲ್ಲಿ ಇವಾಪೊರೇಟರಿಗೆ ಬರುತ್ತದೆ. ಈ ದುಡಿದು ಬಂದ ಉಗಿಯ ನಿಜವಾದ ಬೆಲೆ ಎಷ್ಟು? ಅದನ್ನು ಇಲ್ಲಿಗೆ ಕೊಡದೆ ಟರ್ಬೈನಿನಲ್ಲೇ 0.1 ಬಾರ್ ತನಕ ಇಳಿಸಿದ್ದರೆ ಸಿಗುತ್ತಿದ್ದ ಕರೆಂಟು, ಅದೇ ಬೆಲೆ. ಸ್ಟೀಮ್ ಟೇಬಲಿನಲ್ಲಿ ಎಂಟ್ರೋಪಿ ಹಿಡಿದು ಲೆಕ್ಕ ಮಾಡಿದರೆ ಕಿಲೋಗೆ 480 ಕಿಲೋಜೂಲ್, ಟರ್ಬೈನ್ ದಕ್ಷತೆ ಶೇ 80 ಹಿಡಿದರೆ 385, ಟನ್ನಿಗೆ 107 ಯೂನಿಟ್. ಐದು ಪಾತ್ರೆಯ ಸಾಲು ತಿನ್ನೋದು ಗಂಟೆಗೆ 5 ಟನ್, ಅಂದರೆ ಕಳೆದುಕೊಂಡ ಕರೆಂಟು 535 ಕಿಲೋವಾಟ್.

ಎಂವಿಆರ್ 420, ಐದು ಪಾತ್ರೆ 535. ಅಂತರ ಇದೆ, ಆದರೆ 627ಕ್ಕೂ 21ಕ್ಕೂ ಇದ್ದ ಭೂಮಿ-ಆಕಾಶದ ಅಂತರ ಇಲ್ಲ. ಅದೂ ಎಂವಿಆರ್ ಶೇ 60ರವರೆಗೆ ಒಬ್ಬನೇ ಹೋಗಲಾರ. ಗಟ್ಟಿ ದ್ರವದ ಕುದಿಬಿಂದು 5 ಡಿಗ್ರಿ ಏರಿದರೆ ಕಂಪ್ರೆಸರ್ ಕೊಟ್ಟ 8 ಡಿಗ್ರಿಯಲ್ಲಿ ಉಳಿಯೋದು 3. ತೆಳು ದ್ರವವನ್ನು ಅರ್ಧದಾರಿಗೆ ತರಲು ಎಂವಿಆರ್, ಅಲ್ಲಿಂದ ಮುಂದೆ ಉಗಿಯ ಪಾತ್ರೆ ಅನ್ನೋದು ಒಪ್ಪುವ ಜೋಡಿ. ಟರ್ಬೈನ್ ಇಲ್ಲದ, ಬಾಯ್ಲರ್ ಉಗಿಯನ್ನು ನೇರ ಕೊಳ್ಳುವ ಕಾರ್ಖಾನೆಯಲ್ಲಾದರೆ ಎಂವಿಆರ್ ಕಣ್ಣುಮುಚ್ಚಿ ಗೆಲ್ಲುತ್ತದೆ. ಯಂತ್ರ ಒಂದೇ, ಅದು ನಿಂತ ಅಂಗಳ ಬೇರೆ ಆದರೆ ಉತ್ತರ ಬೇರೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇದನ್ನು ಬಿಟ್ಟು ಬರೀ ಟನ್ನಿಗೆ ಇಷ್ಟು ಯೂನಿಟ್ ಅಂತ ಬರೆದರೆ ಅರ್ಧ ಉತ್ತರ ಬರೆದಂತೆ.

ಕುದಿಸೋದಕ್ಕಿಂತ ಮೊದಲು

ಎಲ್ಲಕ್ಕಿಂತ ಅಗ್ಗದ ಉಗಿ ಅಂದರೆ ಬೇಕಾಗದೇ ಹೋದ ಉಗಿ. ಸ್ಪೆಂಟ್ ವಾಶ್ ಎಷ್ಟು ಹುಟ್ಟಬೇಕು ಅನ್ನೋದು ಇವಾಪೊರೇಟರಿನಲ್ಲಿ ತೀರ್ಮಾನ ಆಗೋದಿಲ್ಲ, ಹುದುಗು ಬರಿಸುವ ತೊಟ್ಟಿಯಲ್ಲಿ ಆಗುತ್ತದೆ. ಹುದುಗು ಬಂದ ದ್ರವದಲ್ಲಿ ಎಥೆನಾಲ್ ಶೇ 8 ಇದ್ದರೆ ಲೀಟರಿಗೆ ಹನ್ನೆರಡು ಲೀಟರ್ ಆಸುಪಾಸು ಉಳಿಕೆ, ಅದೇ ಶೇ 11 ಆದರೆ ಎಂಟು ಚಿಲ್ಲರೆ. ಯೀಸ್ಟ್ ಆಯ್ಕೆ, ತಾಪ ನಿಯಂತ್ರಣ, ಕಾಕಂಬಿಗೆ ಬೆರೆಸುವ ನೀರಿನ ಅಳತೆ ಇವೆಲ್ಲ ಬಯೋಟೆಕ್ನಾಲಜಿ ಗೆಳೆಯರ ಇಲಾಖೆ, ಆದರೆ ಬಾಯ್ಲರ್ ಬಿಲ್ಲು ಇಳಿಯೋದು ಅಲ್ಲಿಂದಲೇ. ಸ್ಪೆಂಟ್ ವಾಶಿನ ಒಂದು ಪಾಲನ್ನು ಕಾಕಂಬಿ ಕಲಸಲು ನೀರಿನ ಬದಲು ವಾಪಸ್ ಬಳಸುವುದೂ ಉಂಟು. ಎಥೆನಾಲ್ ಬಟ್ಟಿ ಇಳಿಸುವ ಕಾಲಮ್ಮಿಗೆ ಉಗಿಯನ್ನು ನೇರ ಬಿಟ್ಟರೆ ಆ ಉಗಿಯೂ ನೀರಾಗಿ ಸ್ಪೆಂಟ್ ವಾಶಿಗೇ ಸೇರುತ್ತದೆ. ಒಮ್ಮೆ ಉಗಿ ಮಾಡಿದ ನೀರನ್ನು ಕೊಳೆಯೊಳಗೆ ಕಲಸಿ ಮತ್ತೆ ಉಗಿ ಮಾಡುವ ಈ ಕೆಲಸ ತಪ್ಪಿಸಲಿಕ್ಕೇ ರೀಬಾಯ್ಲರ್ ಇರೋದು. ಕಾಲಮ್ಮಿನ ತಲೆಯಿಂದ ಬರುವ ಎಥೆನಾಲ್ ಆವಿಯ ಉಷ್ಣವನ್ನು ಇವಾಪೊರೇಟರಿಗೆ ಜೋಡಿಸಿದ ಘಟಕಗಳೂ ಇವೆ.

ಗಟ್ಟಿ ಮಾಡಿದ ಮೇಲೆ ಏನು? ಶೇ 60 ಘನ ಇರುವ ಸ್ಪೆಂಟ್ ವಾಶ್ ಕಿಲೋಗೆ ಸುಮಾರು 1700 ಕಿಲೋಕ್ಯಾಲೊರಿ ಕೊಡುತ್ತದೆ. ಸಿಪ್ಪೆ ಅಥವಾ ಕಲ್ಲಿದ್ದಲಿನ ಜೊತೆ ಅದನ್ನು ವಿಶೇಷ ಬಾಯ್ಲರಿನಲ್ಲಿ ಉರಿಸುತ್ತಾರೆ. ನಮ್ಮ 5 ಟನ್ನಿಗೆ ಅದು ಹತ್ತಿರಹತ್ತಿರ 10 ಮೆಗಾವಾಟ್, ಅದರಲ್ಲೂ ಉಳಿದ ನೀರು ಸ್ವಲ್ಪ ಪಾಲು ತಿನ್ನುತ್ತದೆ. ಈಗ ಹಿಂದೆ ಹೋಗಿ ನೋಡ್ರಿ. ಒಂದೇ ಪಾತ್ರೆಯಲ್ಲಿ ಒಣಗಿಸಲು 12.5 ಬೇಕಿತ್ತು, ಉರಿಸಿದರೆ 10 ಬರುತ್ತದೆ: ನಷ್ಟದ ವ್ಯಾಪಾರ. ಐದು ಪಾತ್ರೆಯಲ್ಲಿ ಒಣಗಿಸಲು 3 ಸಾಕು: ಕೊಳೆನೀರು ತನ್ನನ್ನು ತಾನೇ ಒಣಗಿಸಿಕೊಂಡು ಮೇಲೆ ಉಗಿಯನ್ನೂ ಕೊಟ್ಟಿತು. ಶೂನ್ಯ ವಿಸರ್ಜನೆ ಅನ್ನೋದು ಕೈಯಿಂದ ದುಡ್ಡು ಹೋಗುವ ಶಿಕ್ಷೆಯೋ, ನಡೆಸಬಹುದಾದ ಉದ್ಯೋಗವೋ ಅನ್ನೋದು ಈ ಎರಡು ಸಂಖ್ಯೆಗಳ ನಡುವೆ ಇದೆ. ಮೊದಲು ಬಯೋಗ್ಯಾಸ್ ತೆಗೆದು ಆಮೇಲೆ ಗಟ್ಟಿ ಮಾಡೋಣ ಅನ್ನೋರೂ ಇದ್ದಾರೆ. ಅನಿಲ ಸಿಗುತ್ತದೆ, ಆದರೆ ಉರಿಯುವ ಸಾವಯವ ಅಂಶ ಅದರಲ್ಲೇ ಹೋಗುವುದರಿಂದ ಉಳಿದ ದ್ರವ ಬಾಯ್ಲರಿನಲ್ಲಿ ಸರಿಯಾಗಿ ಉರಿಯೋದಿಲ್ಲ. ಎರಡೂ ಕೈಯಲ್ಲಿ ಲಾಡು ಸಿಗೋದಿಲ್ಲ.

ಉರಿಸಿದ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ಕಬ್ಬು ನೆಲದಿಂದ ಹೀರಿದ್ದೇ ಅದು. ಭಾರತ ತನಗೆ ಬೇಕಾದ ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ಹೊರದೇಶದಿಂದ ತರಿಸಿಕೊಳ್ಳುತ್ತದೆ. ಕಾಕಂಬಿಯಿಂದ ಬಂದ ಈ ಪೊಟ್ಯಾಷನ್ನು ಕೇಂದ್ರ ಸರ್ಕಾರ 2021ರಲ್ಲಿ ಪೋಷಕಾಂಶ ಆಧಾರಿತ ಗೊಬ್ಬರ ಸಬ್ಸಿಡಿಯ ಪಟ್ಟಿಗೆ ಸೇರಿಸಿತು. ದ್ರಾಕ್ಷಿಯೂ ಪೊಟ್ಯಾಷ್ ಬೇಡುವ ಬೆಳೆ. ಕೃಷ್ಣಾ ತೀರದ ಕಬ್ಬಿನ ಬೂದಿ ತಿಕೋಟಾದ ತೋಟ ಸೇರುವ ದಾರಿ ಕಾಗದದ ಮೇಲಂತೂ ಚಿಕ್ಕದು. ಆದರೆ ಅದರಲ್ಲಿ ಕ್ಲೋರೈಡ್ ಎಷ್ಟಿದೆ ಅಂತ ನೋಡದೆ ದ್ರಾಕ್ಷಿಗೆ ಹಾಕಬಾರದು.

ಕೊನೆಗೆ, ನಾವು ತೆಗೆದ ಆ 20 ಟನ್ ನೀರು. ಅದು ಆವಿಯಾಗಿ ಮುಂದಿನ ಪಾತ್ರೆಯಲ್ಲಿ ನೀರಾಗಿ ಕಂಡೆನ್ಸೇಟ್ ಪೈಪಿನಲ್ಲಿ ಬರುತ್ತದೆ. ದಿನಕ್ಕೆ 4 ಲಕ್ಷ 80 ಸಾವಿರ ಲೀಟರ್. ನೋಡಲಿಕ್ಕೆ ತಿಳಿ, ಮೂಗಿಗೆ ಹುಳಿ. ಅಸಿಟಿಕ್‌ನಂಥ ಆಮ್ಲಗಳು ಆವಿಯ ಜೊತೆಗೇ ಹಾರಿ ಬಂದಿರುತ್ತವೆ, ಪಿಎಚ್ ಕಡಿಮೆ. ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಸಮ ಮಾಡಿ, ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಹಾಯಿಸಿ, ಶೋಧಿಸಿದರೆ ಕಾಕಂಬಿ ಕಲಸಲು ಮತ್ತು ಕೂಲಿಂಗ್ ಟವರಿಗೆ ವಾಪಸ್ ಹೋಗುತ್ತದೆ. ಈ ನೀರನ್ನು ಸ್ವಚ್ಛ ಮಾಡುವ ಖರ್ಚು ಕುದಿಸುವ ಖರ್ಚಿನ ಮುಂದೆ ಚಿಲ್ಲರೆ. ಅದು ಬಿಸಿಯಾಗಿ ಬರುವುದರಿಂದ, ಒಳಗೆ ಬರುವ ಸ್ಪೆಂಟ್ ವಾಶನ್ನು ಮೊದಲು ಅದರಿಂದಲೇ ಕಾಯಿಸಿಕೊಂಡು ಆಮೇಲೆ ತೊಟ್ಟಿಗೆ ಬಿಡಬೇಕು. ಆ ಹೀಟ್ ಎಕ್ಸ್‌ಚೇಂಜರಿನ ವಿಸ್ತೀರ್ಣ ಎಷ್ಟಿರಬೇಕು? ಕಂಡೆನ್ಸೇಟ್ 75 ಡಿಗ್ರಿಯಲ್ಲಿ ಬರುತ್ತದೆ, ಸ್ಪೆಂಟ್ ವಾಶ್ ಶೇಖರಣಾ ತೊಟ್ಟಿಯಲ್ಲಿ ಆರಿ 45 ಡಿಗ್ರಿ ಆಗಿದೆ, ಯು 1000, ಎರಡರ ವಿಶಿಷ್ಟೋಷ್ಣವನ್ನೂ 4.2 ಅಂತ ಹಿಡಿದು, ಕಂಡೆನ್ಸೇಟ್ 52ಕ್ಕೆ ಇಳಿಯುವಂತೆ ಎಲ್‌ಎಂಟಿಡಿ ಹಚ್ಚಿ ಮಾಡಿ ನೋಡ್ರಿ.